ಕೆಂಪು ಕಲ್ಲು, ಕಪ್ಪು ಚಿತ್ರ

ಜೋರ್ಡಾನಿನ ವಾದಿ ರಮ್ ಮರುಭೂಮಿಯ ಕೆಂಪು ಕಮಾನುಗಳನ್ನೂ ಪೆಟ್ರಾದ ಬಂಡೆಗಳಲ್ಲಿ ಕೊರೆದ ಗೋರಿಗಳನ್ನೂ ಬಣ್ಣದ ಚಿತ್ರಗಳಲ್ಲಿ ಕಂಡು ನಾವು ಬೆರಗಾಗುತ್ತೇವೆ. ಅಂಥ ಕೆಂಪು ಕಲ್ಲು ನಮ್ಮ ಮಗ್ಗುಲಲ್ಲೇ ಇದೆ. ಕೊಪ್ಪಳ, ಗಂಗಾವತಿಗಳ ಗ್ರಾನೈಟ್ ಗುಡ್ಡಗಳನ್ನು ಹಿಂದೆ ಬಿಟ್ಟು, ಯಲಬುರ್ಗಾ, ಕುಷ್ಟಗಿಗಳ ಹೊಲಗಳನ್ನು ದಾಟಿ ಗಜೇಂದ್ರಗಡದ ಹಾದಿ ಹಿಡಿದರೆ ಬೆಟ್ಟಗಳ ಬಣ್ಣ ಬದಲಾಗುತ್ತದೆ. ಅಲ್ಲಿಂದ ಬಾದಾಮಿಯ ಕಡೆಗೆ ಮರಳುಗಲ್ಲಿನ ಸೀಮೆ. ಮರಳಿನ ಕಣಗಳಿಗೆ ಅಂಟಿದ ಕಬ್ಬಿಣದ ಅಂಶವೇ ಆ ಕೆಂಪಿಗೆ ಕಾರಣ. ಬಾದಾಮಿ ಸಮೀಪದ ಸಿಡಿಲಫಡಿಯಲ್ಲಿ ನಿಸರ್ಗವೇ ಕಮಾನು ಕಡೆದಿದೆ. ಸಿಡಿಲು ಬಡಿದು ಅದಾಯಿತೆಂಬ ನಂಬಿಕೆ ಹೆಸರಿನಲ್ಲೇ ಉಳಿದಿದೆ. ಬಾದಾಮಿ ಊರಿಗೆ ಹತ್ತಿದ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳಿವೆ. ಮೂರನೆಯದನ್ನು ಚಾಲುಕ್ಯರು ಕೊರೆಸಿದ್ದು ಕ್ರಿ.ಶ. 578ರಲ್ಲಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ.

ಈ ಕಲ್ಲಿನ ಮುಂದೆ ಕ್ಯಾಮೆರಾ ಬಂದು ನಿಂತದ್ದು 1855ರಲ್ಲಿ. ಬೊಂಬಾಯಿ ಸೈನ್ಯದ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಆ ವರ್ಷ ಸರ್ಕಾರಿ ಛಾಯಾಗ್ರಾಹಕನಾಗಿ ನೇಮಕಗೊಂಡು ಬಿಜಾಪುರ, ಐಹೊಳೆ, ಬಾದಾಮಿಗಳನ್ನು ಚಿತ್ರಿಸಿದ. ವರ್ಷದ ಕೊನೆಗೆ ಅವನನ್ನು ಸೈನ್ಯಕ್ಕೆ ಮರಳಿ ಕರೆಸಿಕೊಂಡರು. ಆ ಕೆಲಸ ಡಾ. ಪಿಗೌ ಎಂಬ ವೈದ್ಯನ ಪಾಲಿಗೆ ಬಂತು. ಗಂಗಾವತಿಯ ಆನೆಗೊಂದಿಗೆ ಎದುರಾಗಿ, ಹೊಳೆಯಾಚೆಯ ಹಂಪಿಯನ್ನು ಅಲೆಕ್ಸಾಂಡರ್ ಗ್ರೀನ್‌ಲಾ ಚಿತ್ರಿಸಿದ್ದು 1856ರಲ್ಲಿ. ಬಿಗ್ಸ್, ಪಿಗೌ ಮೊದಲಾದವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಇತಿಹಾಸದ ಭಾಗ ಬರೆದವನು ಸುರಪುರದಲ್ಲಿದ್ದು ನಮ್ಮ ಸೀಮೆಯನ್ನು ಬಲ್ಲ ಮೆಡೋಸ್ ಟೇಲರ್.

ಉರ್ದುವಿನಲ್ಲಿ ಫೋಟೋಗೆ 'ಅಕ್ಸ್' ಎನ್ನುತ್ತಾರೆ, ಅಂದರೆ ಪ್ರತಿಬಿಂಬ. ಕನ್ನಡದಲ್ಲಿ ಅದು ಛಾಯಾಚಿತ್ರ, ನೆರಳಿನ ಚಿತ್ರ. ಬಾದಾಮಿಯ ಮೊದಲ ಫೋಟೋಗಳಿಗೆ ಕನ್ನಡದ ಪದವೇ ಹೆಚ್ಚು ಒಪ್ಪುತ್ತದೆ. ಬೆಳ್ಳಿಯ ಲವಣ ಸವರಿದ ಅಂದಿನ ಕಾಗದಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಬೆಳಕು ಅದರ ಪಾಲಿಗೆ ಕತ್ತಲು. ಹೀಗಾಗಿ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು, ಕೆಂಪು ಬಂಡೆ ಮಸಿಯಾಗುತ್ತಿತ್ತು. ಸಾಲದ್ದಕ್ಕೆ ಬಾದಾಮಿಯ ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ. ಒಳಗೆ ಹೋಗುವುದು ಹೆಚ್ಚಾಗಿ ನೆಲದಿಂದ, ಬಂಡೆಯಿಂದ ಪುಟಿದ ಬೆಳಕು. ನಮ್ಮ ಕಣ್ಣಿಗೆ ಕಲ್ಲು ಒಳಗಿನಿಂದಲೇ ಉರಿಯುವಂತೆ ಕಾಣುವುದು ಆ ಪುಟಿದ ಕೆಂಪು ಬೆಳಕಿನಲ್ಲಿ. ಅಂದಿನ ಕಾಗದಕ್ಕೆ ಕಾಣದೇ ಹೋದದ್ದೂ ಅದೇ.

ಈ ಕುರುಡು ನಿಧಾನವಾಗಿ ನೀಗಿತು. 1873ರಲ್ಲಿ ಜರ್ಮನಿಯ ಫೋಗೆಲ್, ಬಣ್ಣದ ರಸಾಯನ ಬೆರೆಸಿದರೆ ಹಸಿರು, ಹಳದಿಗಳೂ ಮೂಡುತ್ತವೆಂದು ಕಂಡುಕೊಂಡ. ಕೆಂಪನ್ನೂ ಹಿಡಿಯುವ ಗಾಜಿನ ಫಲಕಗಳು 1906ರಲ್ಲಿ ಅಂಗಡಿಗೆ ಬಂದವು. ಗುಹೆಯೊಳಗಿನ ಬಣ್ಣವನ್ನು ಪುಸ್ತಕಕ್ಕೆ ತರುವ ದೊಡ್ಡ ಪ್ರಯತ್ನವೊಂದು ನಡೆದದ್ದು, 1948ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ. 1914ರಲ್ಲಿ ಸ್ಥಾಪನೆಯಾದ ಅಲ್ಲಿನ ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕ ಗುಲಾಮ್ ಯಜ್ದಾನಿ, ಫೋಟೋಗಳ ಆಧಾರದ ಮೇಲೆ ಅಜಂತಾದ ಚಿತ್ರಗಳನ್ನು ಬಣ್ಣದಲ್ಲಿ ಮುದ್ರಿಸಿದರು. ಮೊದಲ ಸಂಪುಟ ಬಂದದ್ದು 1930ರಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳನ್ನು ಕುರಿತ ಗ್ರಂಥವೂ ಅದೇ ಇಲಾಖೆಯಿಂದ 1932ರಲ್ಲಿ ಪ್ರಕಟವಾಯಿತು. ಬೌದ್ಧ ಗುಹೆಯನ್ನೂ ಅಶೋಕನ ಅಕ್ಷರವನ್ನೂ ನಮ್ಮವೆಂದು ಜೋಪಾನ ಮಾಡಲು ಆ ವಿದ್ವಾಂಸನಿಗೆ ಧರ್ಮ ಅಡ್ಡಬರಲಿಲ್ಲ.

ಮೊದಲ ಚಿತ್ರಗಳಲ್ಲಿ ಇನ್ನೊಂದು ಕೊರತೆಯೂ ಇತ್ತು. ಆಗ ಒಂದು ಚಿತ್ರಕ್ಕೆ ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕಿತ್ತು. ಓಡಾಡುವ ಮನುಷ್ಯ ಕಾಗದದ ಮೇಲೆ ನಿಲ್ಲುತ್ತಿರಲಿಲ್ಲ. ಮಂಜಾಗುತ್ತಿದ್ದ, ಇಲ್ಲವೇ ಮಾಯವಾಗುತ್ತಿದ್ದ. ಜನರಿದ್ದ ಊರು ಚಿತ್ರದಲ್ಲಿ ನಿರ್ಜನ ಹಾಳಾಗಿ ಕಾಣುತ್ತಿತ್ತು. ನಿರ್ಜನವೆಂದು ಕಂಡದ್ದನ್ನು ವಾರಸುದಾರರಿಲ್ಲದ್ದೆಂದು ತಿಳಿಯಲು ಎಷ್ಟು ಹೊತ್ತು?

ಇದಕ್ಕೆ ಐಹೊಳೆಯೇ ಉತ್ತರ ಹೇಳುತ್ತದೆ. ಅಲ್ಲಿನ ಪ್ರಸಿದ್ಧ ಮರಳುಗಲ್ಲಿನ ದೇವಾಲಯಕ್ಕೆ ಲಾಡ್‌ಖಾನ್ ಗುಡಿ ಎಂದು ಹೆಸರು. ಹಿಂದೊಮ್ಮೆ ಅದರಲ್ಲಿ ವಾಸವಾಗಿದ್ದವನ ಹೆಸರದು. ಕ್ಯಾಮೆರಾ ಅವನ ಮುಖವನ್ನು ನಮಗೆ ಉಳಿಸಿಕೊಡಲಿಲ್ಲ. ಊರಿನ ನಾಲಿಗೆ ಹೆಸರನ್ನು ಉಳಿಸಿತು, ಪುರಾತತ್ವದ ಪುಸ್ತಕಗಳೂ ಅದನ್ನೇ ಬರೆದುಕೊಂಡವು. ಚಾಲುಕ್ಯರ ಗುಡಿಗೆ ಖಾನನ ಹೆಸರು ಇರುವುದು ಊರವರಿಗೆ ವಿಚಿತ್ರವೆನಿಸಿರಲಿಲ್ಲ.

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಸಂಜೆಯ ಬಿಸಿಲಿಗೆ ಅಗಸ್ತ್ಯ ತೀರ್ಥದ ಹಿಂದಿನ ಬಂಡೆಗಳು ಕೆಂಡವಾಗುವುದನ್ನು ಅದು ಕ್ಷಣದಲ್ಲಿ ಹಿಡಿಯುತ್ತದೆ. ಆದರೂ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನೂ ಗುಹೆಗಳ ಬುಡದ ಗುಮ್ಮಟವನ್ನೂ ಅಂಚಿನಿಂದಾಚೆ ಸರಿಸಿ ಚಿತ್ರ ತೆಗೆಯುವವರೇ ಹೆಚ್ಚು. ಕೆಂಪು ಕಾಣದ ದೋಷಕ್ಕೆ ರಸಾಯನ ಶಾಸ್ತ್ರ ಮದ್ದು ಕಂಡುಹಿಡಿಯಿತು. ಪಕ್ಕದ ಮನುಷ್ಯ ಕಾಣದ ದೋಷಕ್ಕೆ ಮದ್ದನ್ನು ನಾವೇ ಅರೆಯಬೇಕು.