ಮೊಬೈಲ್‌ಗೆ ‘ಆ…’ ಎಂದರೆ ಗಂಟಲಿನ ಕಾಯಿಲೆ ಗೊತ್ತಾಗುತ್ತದೆಯೇ?

ದನಿ ರೆಕಾರ್ಡ್ ಮಾಡಿದರೆ ಸಾಕು, ಗಂಟಲಿನ ರೋಗ ಪತ್ತೆಯಾಗುತ್ತದೆ ಎನ್ನುವವರಿಗೆ ನಮ್ಮ ಉತ್ತರ: ಅರ್ಧ ನಿಜ.

ಮಾತನಾಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಸಾಮಾನ್ಯವಾಗಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 150 ಬಾರಿ, ಹೆಂಗಸರಲ್ಲಿ 180ರಿಂದ 250 ಬಾರಿ. ತಜ್ಞರು ‘ಆ’ ಎಂದು ಒಂದೇ ಸಮನೆ ಹೇಳಿಸಿ, ಕಂಪನದ ಏರುಪೇರನ್ನೂ ದನಿಯಲ್ಲಿ ಬೆರೆತ ಗಾಳಿಯ ಸದ್ದನ್ನೂ ಕಂಪ್ಯೂಟರ್‌ನಲ್ಲಿ ಅಳೆಯುತ್ತಾರೆ. ತಂತುಗಳ ಮೇಲೆ ಗಂಟು, ಊತ ಇದ್ದರೆ ಈ ಅಂಕಿಗಳು ಬದಲಾಗಬಹುದು.

ಆದರೆ ಏಕೆ ಬದಲಾದವು ಎಂಬುದನ್ನು ಅಂಕಿಗಳು ಹೇಳುವುದಿಲ್ಲ. ಹುಬ್ಬಳ್ಳಿಯ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿ ಟಾನ್ಸಿಲ್ ಚಿಕಿತ್ಸೆಯ ನಂತರ ಗಂಡುದನಿಯಷ್ಟು ಗಡಸಾಯಿತು. ಅದೇ ದನಿಯಲ್ಲಿ ದಶಕಗಟ್ಟಲೆ ಹಾಡಿದ ಅವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು. ಸರಾಸರಿಗಿಂತ ಬೇರೆಯಾದ ದನಿಯೆಲ್ಲ ರೋಗವಲ್ಲ.

ಇನ್ನೊಂದು ತೊಡಕು: ಇಂಥ ಅಳತೆಗಳ ಎಷ್ಟೋ ಮಾನದಂಡಗಳು ಇಂಗ್ಲಿಷ್ ಮಾತನಾಡುವವರ ದನಿಯಿಂದ ಬಂದವು. ವಾಕ್ಯ ಓದಿಸಿ ಅಳೆದರೆ, ಕನ್ನಡದಲ್ಲಿ ಅಂಕಿ ಬೇರೆ ಬರಬಹುದು. ಫೋನಿನ ಮೈಕ್, ಮನೆಯ ಫ್ಯಾನ್ ಸದ್ದು ಕೂಡ ಲೆಕ್ಕ ತಪ್ಪಿಸುತ್ತವೆ.

ಹಾಗಾದರೆ ಏನು ಮಾಡಬೇಕು?

• ದನಿ ಒಡೆದು 3 ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಅವರು ಸಣ್ಣ ಕ್ಯಾಮೆರಾದಿಂದ ತಂತುಗಳನ್ನೇ ನೋಡುತ್ತಾರೆ.
• ಉಸಿರಾಟಕ್ಕೆ, ನುಂಗಲು ಕಷ್ಟವಾದರೆ, ಕೆಮ್ಮಿದಾಗ ರಕ್ತ ಬಂದರೆ, ಕುತ್ತಿಗೆಯಲ್ಲಿ ಗಡ್ಡೆ ಕಂಡರೆ ಕಾಯಬೇಡಿ.
• ಬೀಡಿ, ಸಿಗರೇಟು, ಗುಟ್ಕಾ ಚಟವಿದ್ದವರು ಇನ್ನೂ ಎಚ್ಚರದಿಂದಿರಿ.

ಅವಳಿ ನಗರದವರಿಗೆ ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ ಇವೆ. ಫಾರ್ವರ್ಡ್ ಮಾಡುವುದಾದರೆ ಆ್ಯಪ್‌ನ ಲಿಂಕ್ ಬೇಡ, ಈ ‘3 ವಾರ’ದ ಮಾತು ಕಳಿಸಿ.