ಒಳಗಿರೋದು ಒಂದಾ, ಎರಡಾ?

ಸ್ಕ್ಯಾನಿಂಗಿನಲ್ಲಿ ಅವಳಿ ಅಂತ ಗೊತ್ತಾದ ಮೇಲೇ ನಮ್ಮ ಅಕ್ಕನ ವಾಂತಿ, ಸುಸ್ತಿಗೆ ಮನೆಯಲ್ಲಿ ಮರ್ಯಾದೆ ಬಂದಿದ್ದು! ಅಲ್ಲಿಯ ತನಕ "ಎಲ್ಲರಿಗೂ ಆಗೋದೇ ಬಿಡು" ಅನ್ನೋ ಮಾತು. ನೀರು ಕುಡಿದರೂ ವಾಂತಿ, ಎರಡೇ ತಿಂಗಳಿಗೆ ಸೀರೆ ಬಿಗಿ... ಸ್ಕ್ಯಾನಿಂಗ್ ಇಲ್ಲದ ಕಾಲದ ಹೆಂಗಸರು ಯಾರನ್ನು ನಂಬಿಸಬೇಕಿತ್ತು ಅಂತ ಯೋಚನೆ ಬಂದು ಹುಡುಕುತ್ತಾ ಹೋದೆ.

ಅವಳಿ ಬಸಿರಿನಲ್ಲಿ ಎಚ್‌ಸಿಜಿ ಅನ್ನೋ ಹಾರ್ಮೋನು ಸಾಮಾನ್ಯವಾಗಿ ಜಾಸ್ತಿ ಇರುತ್ತೆ, ವಾಂತಿಯೂ ಹೆಚ್ಚಿರುತ್ತೆ. ಆದರೆ ಒಂದೇ ಮಗು ಇದ್ದವರಿಗೂ ವಿಪರೀತ ವಾಂತಿ ಆಗಬಹುದು. ಹೊಟ್ಟೆ ದೊಡ್ಡದಾಗಿದ್ದರೆ ದಿನದ ಲೆಕ್ಕ ತಪ್ಪಿರಬಹುದು, ಗಡ್ಡೆಯೂ ಇರಬಹುದು. ಅಂದರೆ ತಾಯಿಯ ಮೈ ಕೊಡೋದು ಸುಳಿವು ಮಾತ್ರ. ಅದಕ್ಕೆ ಸಾಕ್ಷಿ ಬೇಕಿತ್ತು.

ಮೊದಲ ಸಾಕ್ಷಿ ಕಿವಿಯದು. 1821ರಲ್ಲಿ ಫ್ರಾನ್ಸಿನ ವೈದ್ಯ ಕೆರ್ಗರಾಡೆಕ್, ಆಗಷ್ಟೇ ಬಂದಿದ್ದ ಸ್ಟೆತೊಸ್ಕೋಪನ್ನು ಬಸುರಿಯರ ಹೊಟ್ಟೆಗಿಟ್ಟು ಮಗುವಿನ ಎದೆಬಡಿತ ಕೇಳಿದ. ಎರಡು ಬಡಿತ ಕೇಳಿಸಿದರೆ ಅವಳಿ ಅನ್ನಬಹುದು ಅಂತಲೂ ಹೇಳಿದ. ತಮಾಷೆ ಅಂದರೆ ಅವನ ಪೂರ್ತಿ ಹೆಸರಿನಲ್ಲಿರೋ 'ಲ ಜುಮೋ' ಅಂದರೆ ಫ್ರೆಂಚಿನಲ್ಲಿ ಅವಳಿ ಅಂತಲೇ ಅರ್ಥ! ಆದರೆ ಬಡಿತ ಕೇಳಿಸೋದು ನಾಲ್ಕೈದು ತಿಂಗಳಾದ ಮೇಲೆ. ಮೊದಲ ತಿಂಗಳುಗಳ ಕತ್ತಲೆ ಹಾಗೇ ಉಳಿಯಿತು.

ಆಮೇಲೆ ಎಕ್ಸ್-ರೇ ಬಂತು. ಅವಳಿ ಅನ್ನೋ ಅನುಮಾನ ಬಂದರೆ ಒಂದು ಚಿತ್ರ ತೆಗೆದುಬಿಡೋದು. 1956ರಲ್ಲಿ ಇಂಗ್ಲೆಂಡಿನ ಆಲಿಸ್ ಸ್ಟುವರ್ಟ್, ಕ್ಯಾನ್ಸರಿನಿಂದ ಸತ್ತ ಮಕ್ಕಳ ತಾಯಂದಿರನ್ನು ವಿಚಾರಿಸಿ, ಅವರಲ್ಲಿ ಬಸಿರಿದ್ದಾಗ ಹೊಟ್ಟೆಯ ಎಕ್ಸ್-ರೇ ತೆಗೆಸಿಕೊಂಡವರು ಹೆಚ್ಚು ಅಂತ ವರದಿ ಮಾಡಿದಳು. ತಾಯಂದಿರ ನೆನಪನ್ನು ಹೇಗೆ ನಂಬೋದು ಅಂತ ಹಲವರು ಕೇಳಿದರು. ಎಕ್ಸ್-ರೇ ತೆಗೆದಿದ್ದೇ ಆ ಬಸಿರಿನಲ್ಲಿ ಮೊದಲೇ ಏನೋ ತೊಂದರೆ ಇದ್ದಿದ್ದಕ್ಕಿರಬೇಕು ಅಂತಲೂ ವಾದಿಸಿದರು.

ಇಲ್ಲಿ ನಿರ್ಣಾಯಕ ಸಾಕ್ಷಿ ಹೇಳಿದ್ದು ಅವಳಿಗಳೇ. 1974ರಲ್ಲಿ ಆರ್. ಎಚ್. ಮೋಲ್ ಲೆಕ್ಕ ಕೊಟ್ಟ: ಅವಳಿಗಳಲ್ಲಿ ಸುಮಾರು 55%, ಒಂಟಿ ಮಕ್ಕಳಲ್ಲಿ ಸುಮಾರು 10% ಹೊಟ್ಟೆಯಲ್ಲಿದ್ದಾಗ ಎಕ್ಸ್-ರೇಗೆ ಒಳಗಾಗಿದ್ದವು. ಅವಳಿಗಳಿಗೆ ಹೆಚ್ಚಾಗಿ ಎಕ್ಸ್-ರೇ ತೆಗೆದಿದ್ದು ರೋಗಕ್ಕಲ್ಲ, ಅವು ಅವಳಿ ಅನ್ನೋ ಕಾರಣಕ್ಕೆ. ಆದರೂ ಎಕ್ಸ್-ರೇ ತಗುಲಿದ್ದ ಅವಳಿಗಳಲ್ಲೂ ಕ್ಯಾನ್ಸರ್ ಹೆಚ್ಚಿತ್ತು. ನಮ್ಮ ಡಿಬಗ್ಗಿಂಗ್ ಭಾಷೆಯಲ್ಲಿ ಹೇಳಬೇಕಂದ್ರೆ, ಒಂದೊಂದೇ ಕಾರಣವನ್ನು ಬೇರೆ ಮಾಡಿ ನೋಡಿದ ಹಾಗೆ. ತಾಯಂದಿರ ನೆನಪು ಸುಳ್ಳಾಗಿರಲಿಲ್ಲ.

ಅಷ್ಟರಲ್ಲಿ ಹಡಗು ಕಟ್ಟುವ ಊರು ಗ್ಲಾಸ್ಗೊದಲ್ಲಿ ಇಯಾನ್ ಡೊನಾಲ್ಡ್ ಅನ್ನೋ ಪ್ರಸೂತಿ ವೈದ್ಯ, ಲೋಹದೊಳಗಿನ ಬಿರುಕು ಹುಡುಕೋ ಶಬ್ದತರಂಗದ ಯಂತ್ರವನ್ನು ಮನುಷ್ಯರ ಮೇಲೆ ಪ್ರಯೋಗಿಸುತ್ತಿದ್ದ. ಆಸ್ಪತ್ರೆಗೆ ಬಲ್ಬು ಹಾಕಲು ಹೋಗಿದ್ದ ಯುವ ಇಂಜಿನಿಯರ್ ಟಾಮ್ ಬ್ರೌನ್ ಈ ಸುದ್ದಿ ಕೇಳಿ, ತಾನೇ ಡೊನಾಲ್ಡನನ್ನು ಸಂಪರ್ಕಿಸಿ ಒಳ್ಳೆಯ ಯಂತ್ರ ಕಟ್ಟಿಕೊಟ್ಟ. 1958ರಲ್ಲಿ ಅವರ ಲೇಖನ 'ಲ್ಯಾನ್ಸೆಟ್'ನಲ್ಲಿ ಬಂತು. ಮೂತ್ರಕೋಶ ತುಂಬಿದ್ದರೆ ಎಳೆ ಬಸಿರೂ ಕಾಣುತ್ತೆ ಅಂತ 60ರ ದಶಕದಲ್ಲಿ ಗೊತ್ತಾಯಿತು. ಸ್ಕ್ಯಾನಿಂಗಿಗೆ ಮುಂಚೆ ನೀರು ಕುಡಿಸೋದು ಅದಕ್ಕೇ!

ಬೇಗ ಕಂಡಿದ್ದರಿಂದ ಹೊಸ ಆತಂಕವೂ ಹುಟ್ಟಿತು. ಮೊದಲು ಎರಡು ಕಂಡು, ಕೆಲವೇ ವಾರಗಳಲ್ಲಿ ಒಂದು ಕರಗಿಹೋಗೋದುಂಟು. ಹಿಂದಿನವರಿಗೆ ಇದು ತಿಳಿಯುತ್ತಲೇ ಇರಲಿಲ್ಲ. ಆದರೆ ಎರಡಕ್ಕೂ ಮಾಸು ಒಂದೇನಾ, ಬೇರೆಬೇರೆಯಾ ಅನ್ನೋದು ಚೆನ್ನಾಗಿ ತಿಳಿಯೋದು ಮೊದಲ ಮೂರು ತಿಂಗಳಲ್ಲೇ. ಮುಂದಿನ ಜಾಗ್ರತೆಯೆಲ್ಲ ಅದರ ಮೇಲೆ ನಿಂತಿರುತ್ತೆ.

ನಿಮ್ಮ ಅಜ್ಜಿಯರ ಕಾಲದಲ್ಲಿ ಸೂಲಗಿತ್ತಿಯರು ಅವಳಿ ಅಂತ ಹೇಗೆ ಗುರುತಿಸುತ್ತಿದ್ದರು? ಗೊತ್ತಿದ್ದರೆ ನೀವೂ ಬರೆಯಿರಿ.