ಚರ್ಮದಂಗಡಿಯ ಕ್ಯಾಪ್ಟನ್

ಅಮೆರಿಕದ ಇಲಿನಾಯ್ ಪ್ರಾಂತದ ವಾಯವ್ಯ ಮೂಲೆಯಲ್ಲಿ, ಮಿಸಿಸಿಪಿ ಮಹಾನದಿಯನ್ನು ಸೇರಲು ಹೊರಟ ಕಿರುಹೊಳೆಯೊಂದರ ದಡದ ಮೇಲೆ, ಗೆಲೀನಾ ಎಂಬ ಪಟ್ಟಣವಿದೆ. ಸೀಸದ ಅದಿರಿನ ಹೆಸರೇ ಊರಿಗೂ ಬಂದಿತು. ಸುತ್ತಣ ಗಣಿಗಳ ಸಮೃದ್ಧಿ 1845ರ ಸುಮಾರಿಗೆ ಶಿಖರವನ್ನು ಮುಟ್ಟಿ, ತರುವಾಯ ಇಳಿಮುಖವಾಗಿ, ಹೊಳೆಯಲ್ಲಿ ಹೂಳು ತುಂಬತೊಡಗಿದ್ದ ಕಾಲದಲ್ಲಿ, ಅಂದರೆ 1860ರ ವಸಂತದಲ್ಲಿ, ಹೆಂಡತಿಯೊಡನೆಯೂ ನಾಲ್ವರು ಮಕ್ಕಳೊಡನೆಯೂ ಅಲ್ಲಿಗೆ ಬಂದು ನೆಲಸಿದವನು ಮೂವತ್ತೆಂಟರ ಪ್ರಾಯದ ಒಬ್ಬ ಮಾಜಿ ಸೈನಿಕ. ಊರಿನವರು ಆತನನ್ನು ಕ್ಯಾಪ್ಟನ್ ಗ್ರಾಂಟ್ ಎಂದು ಕರೆಯುತ್ತಿದ್ದರು. ಮುಂದೆ ಯೂಲಿಸಿಸ್ ಗ್ರಾಂಟನು ರಾಷ್ಟ್ರಾಧ್ಯಕ್ಷನಾದನೆಂಬುದನ್ನು ನಾವು ಕ್ಷಣಕಾಲ ಮರೆತರೆ ಮಾತ್ರ ಆ ವರ್ಷದ ನಿಜವಾದ ಬಣ್ಣ ಕಣ್ಣಿಗೆ ಬಿದ್ದೀತು.

1846ರಿಂದ 48ರವರೆಗೆ ನಡೆದ ಮೆಕ್ಸಿಕೋ ಯುದ್ಧದಲ್ಲಿ ಆತನು ಬಹುತೇಕ ಎಲ್ಲ ದೊಡ್ಡ ಕಾಳಗಗಳನ್ನೂ ಕಂಡವನು; ಮೆಕ್ಸಿಕೋ ನಗರದ ಬಾಗಿಲಲ್ಲಿ ಚರ್ಚಿನ ಗಂಟೆಗೋಪುರಕ್ಕೆ ಸಣ್ಣ ತೋಪೊಂದನ್ನು ಏರಿಸಿ ಹಾರಿಸಿದವನು. ರೆಜಿಮೆಂಟಿನ ಉಗ್ರಾಣವೂ ಆತನ ವಶದಲ್ಲಿದ್ದಿತು. ಹೇಸರಗತ್ತೆ, ಡೇರೆ, ಕಂಬಳಿಗಳ ಲೆಕ್ಕವಿಡುತ್ತ, ರೊಟ್ಟಿಯ ಭಟ್ಟಿಯನ್ನು ನಡೆಸಿ ರೆಜಿಮೆಂಟಿನ ನಿಧಿಗೆ ಲಾಭವನ್ನೂ ತಂದುಕೊಟ್ಟಿದ್ದನು. ದಂಡಿಗಾಗಿ ವ್ಯಾಪಾರ ಮಾಡಬಲ್ಲವನಿಗೆ ತನಗಾಗಿ ಮಾಡುವುದು ಮಾತ್ರ ಒಲಿಯಲಿಲ್ಲ. 1854ರಲ್ಲಿ ಸೇನೆಯನ್ನು ಬಿಟ್ಟು, ಸೇಂಟ್ ಲೂಯಿ ನಗರದ ಬಳಿ ಬೇಸಾಯ ಹಿಡಿದು, ಬೀದಿಯಲ್ಲಿ ಸೌದೆ ಮಾರಿ, 1857ರ ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ಚಿನ್ನದ ಗಡಿಯಾರವನ್ನು 22 ಡಾಲರಿಗೆ ಗಿರವಿ ಇಟ್ಟು, ಚಳಿಜ್ವರದಿಂದ ನರಳಿ, ಕಡೆಗೆ ತಂದೆಯ ಆಸರೆಯನ್ನು ಬೇಡಬೇಕಾಯಿತು.

ತಂದೆಯ ಆಸರೆಯೆಂದರೆ ಗೆಲೀನಾದ ಚರ್ಮದಂಗಡಿ. ಬಾಲ್ಯದಲ್ಲಿ ಚರ್ಮ ಹದಮಾಡುವ ತಂದೆಯ ಕಾರ್ಖಾನೆಯ ದುರ್ಗಂಧಕ್ಕೂ ರಕ್ತಕ್ಕೂ ಹೇಸಿ ಆ ಕಸುಬನ್ನೇ ಒಲ್ಲೆನೆಂದವನು, ತನಗಿಂತ ಕಿರಿಯರಾದ ತಮ್ಮಂದಿರು ನಡೆಸುತ್ತಿದ್ದ ಅಂಗಡಿಯಲ್ಲಿ ಗುಮಾಸ್ತನಾಗಿ ನಿಂತನು. ಹಸಿ ತೊಗಲನ್ನು ಕೊಳ್ಳುವುದು, ಜೀನು ಲಗಾಮುಗಳನ್ನು ಕಟ್ಟಿಕೊಡುವುದು, ಬಾಕಿ ವಸೂಲಿಗೆ ನೆರೆಯ ಪ್ರಾಂತಗಳನ್ನು ಸುತ್ತುವುದು ದಿನಚರಿ. ಸರಕಿನ ಬೆಲೆ ನೆನಪಿನಲ್ಲಿ ನಿಲ್ಲದು. ಗಿರಾಕಿಯೊಡನೆ ಚೌಕಾಸಿ ಮಾಡಲು ನಾಲಗೆ ಏಳದು. ಯಾರಾದರೂ ಮೆಕ್ಸಿಕೋದ ಮಾತೆತ್ತಿದರೆ ಮಾತ್ರ ಮೌನಿಯಾದ ಆ ಮನುಷ್ಯನು ಕಾಳಗದ ನೆಲವೆಲ್ಲ ಕಣ್ಣೆದುರಿಗಿದೆಯೋ ಎಂಬಂತೆ ಸ್ಪಷ್ಟವಾಗಿ ವರ್ಣಿಸುತ್ತಿದ್ದನು. ಸಂಜೆ ಗುಡ್ಡದ ಕಡಿದಾದ ಮೆಟ್ಟಿಲುಗಳನ್ನೇರಿ ಬಾಡಿಗೆಯ ಮನೆಗೆ ಹೋದರೆ ಮಕ್ಕಳ ಕುಸ್ತಿಯಾಟ ಕಾದಿರುತ್ತಿತ್ತು. ಚರಿತ್ರಕಾರರು ಈ ವರ್ಷವನ್ನು ಸೋಲಿನ ಕಾಲವೆಂದು ಬೇಗಬೇಗನೆ ದಾಟಿಹೋಗುವುದುಂಟು. ನನಗೆ ಅದು ಅನ್ಯಾಯವೆಂದೇ ತೋರುತ್ತದೆ. ಸಂಸಾರವನ್ನು ಸಾಕುವುದಕ್ಕಾಗಿ ಹೇಸಿದ ಕಸುಬಿಗೇ ತಲೆಬಾಗಿ, ದೂರದೆ ದುಡಿದವನ ದೃಢತೆ ರಣಾಂಗಣದ ದೃಢತೆಗಿಂತ ಕೀಳಾದುದಲ್ಲ.

ಗ್ರಾಂಟನಂತೆಯೇ ಮೆಕ್ಸಿಕೋದಿಂದ ಮರಳಿದ ಸಾಮಾನ್ಯ ಸಿಪಾಯಿಗಳ ಬಾಳೂ ಸುಲಭವಾಗಿರಲಿಲ್ಲ. ಅವರಿಗೆ ಸರ್ಕಾರವು 160 ಎಕರೆ ಭೂಮಿಯ ಹಕ್ಕುಪತ್ರವನ್ನು ನೀಡಿತ್ತು. ಅನೇಕರು ಅದನ್ನು ಸಿಕ್ಕಿದ ಬೆಲೆಗೆ ದಲ್ಲಾಳಿಗಳಿಗೆ ಮಾರಿಬಿಟ್ಟರು. ಗಾಯಗೊಳ್ಳದವರಿಗೂ ಸೇವೆಯ ಕಾರಣದಿಂದಲೇ ತಿಂಗಳಿಗೆ 8 ಡಾಲರ್ ನಿವೃತ್ತಿವೇತನ ಕೊಡುವ ಕಾನೂನು ಬಂದುದು 1887ರಲ್ಲಿ, ಅಷ್ಟರಲ್ಲಿ ಯುದ್ಧ ಮುಗಿದು ಸುಮಾರು ನಾಲ್ಕು ದಶಕಗಳು ಕಳೆದಿದ್ದವು.

ಗ್ರಾಂಟನಿದ್ದ ಗೆಲೀನಾದಲ್ಲೇ ಇದ್ದಿಲು ಸುಡುವವನ ಮಗನಾಗಿ ಹುಟ್ಟಿ ವಕೀಲನಾದ ಜಾನ್ ರಾಲಿನ್ಸ್ ಇದ್ದನು. ಸರ್ಕಾರಿ ಕಟ್ಟಡಗಳ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಸೆನೆಕಾ ಬುಡಕಟ್ಟಿನ ಎಂಜಿನಿಯರ್ ಈಲಿ ಪಾರ್ಕರ್ ಇದ್ದನು. ಇಬ್ಬರಿಗೂ ಕ್ಯಾಪ್ಟನ್ ಪರಿಚಿತನೇ. ಆದರೆ ಊರಿನ ಪ್ರಮುಖನೂ ಕಾಂಗ್ರೆಸ್ ಸದಸ್ಯನೂ ಆಗಿದ್ದ ಎಲಿಹೂ ವಾಷ್‌ಬರ್ನನಿಗೆ ಒಂದು ವರ್ಷವಾದರೂ ಆತನ ಗುರುತಿರಲಿಲ್ಲ. ಇದಕ್ಕಾಗಿ ಊರನ್ನು ನಾನು ದೂಷಿಸಲಾರೆ. ಶಾಂತಿಯ ಬೀದಿಯಲ್ಲಿ ಯೋಧನನ್ನು ಗುರುತಿಸಲು ಯಾವ ಲಕ್ಷಣವನ್ನು ನೋಡಬೇಕು?

1861ರ ಏಪ್ರಿಲಿನಲ್ಲಿ ದಕ್ಷಿಣದ ಬಂಡಾಯ ಪ್ರಾಂತಗಳ ಪಡೆ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿತು; ಅಮೆರಿಕದ ಅಂತರ್ಯುದ್ಧ ಮೊದಲಾಯಿತು. ಗೆಲೀನಾದ ನ್ಯಾಯಾಲಯದಲ್ಲಿ ಸೇರಿದ ಸಭೆಗೆ, ಯುದ್ಧವನ್ನು ಕಂಡವನೆಂಬ ಕಾರಣಕ್ಕೆ, ಗ್ರಾಂಟನನ್ನೇ ಅಧ್ಯಕ್ಷನನ್ನಾಗಿ ಕರೆದರು. ಸಂಕೋಚದಿಂದ ತಡವರಿಸುತ್ತ ಎದ್ದುನಿಂತವನು, ಸಿಪಾಯಿಯ ಬಾಳು ಎಂತಹುದು, ಸಂಬಳವೆಷ್ಟು, ಊಟವೇನು ಎಂಬುದನ್ನು ಸರಳವಾಗಿ ಹೇಳಿದನು. ಊರ ಪಡೆಯ ನಾಯಕತ್ವ ತನಗೆ ಬೇಡವೆಂದು ಹೇಳಿ, ಅದಕ್ಕೆ ಕವಾಯತನ್ನು ಮಾತ್ರ ಕಲಿಸಿದನು. ಸಮವಸ್ತ್ರ ಹೇಗಿರಬೇಕೆಂದು ಹೆಂಗಸರು ಆತನಲ್ಲಿಗೇ ಬಂದು ಕೇಳಿದರು. ಬಟ್ಟೆ ತರಿಸಿ, ದರ್ಜಿಗಳಿಂದ ಕತ್ತರಿಸಿ, ತಾವೇ ಹೊಲಿದರು. ಆ ಸಭೆಯ ಅನಂತರ ಆತನು ವ್ಯಾಪಾರಕ್ಕಾಗಿ ಅಂಗಡಿಯ ಹೊಸಲನ್ನು ತುಳಿಯಲಿಲ್ಲ.

ನಾಲ್ಕು ವರ್ಷಗಳ ಮೇಲೆ, 1865ರ ಏಪ್ರಿಲ್ 9ರಂದು, ಅಪೊಮ್ಯಾಟಕ್ಸಿನಲ್ಲಿ ದಕ್ಷಿಣದ ಸೇನೆ ಗ್ರಾಂಟನಿಗೆ ಶರಣಾದಾಗ, ಆ ಶರಣಾಗತಿಯ ಕರಾರನ್ನು ಶುದ್ಧಪ್ರತಿ ಮಾಡಿ ಬರೆದ ಕೈ ಆ ಈಲಿ ಪಾರ್ಕರನದು. ರಾಲಿನ್ಸನು ಯುದ್ಧದುದ್ದಕ್ಕೂ ಗ್ರಾಂಟನ ಬಲಗೈಯಾಗಿದ್ದನು. ಆಗಸ್ಟ್ 18ರಂದು ಗ್ರಾಂಟನು ಗೆಲೀನಾಕ್ಕೆ ಮರಳಿದಾಗ ಪೀಠೋಪಕರಣಸಮೇತ ಒಂದು ಇಟ್ಟಿಗೆಯ ಮನೆಯನ್ನು ಊರಿನ ಧನಿಕರು ಆತನಿಗೆ ಕಾಣಿಕೆಯಾಗಿ ಕೊಟ್ಟರು. ಯುದ್ಧದ ನಡುವೆ ಯಾರೋ ರಾಜಕೀಯದ ಆಸೆಯೇನೆಂದು ಕೇಳಿದಾಗ, ಗೆಲೀನಾದ ಮೇಯರನಾಗಿ ತನ್ನ ಮನೆಯಿಂದ ರೈಲುನಿಲ್ದಾಣದವರೆಗೆ ಕಾಲುದಾರಿಯೊಂದನ್ನು ಮಾಡಿಸಬೇಕೆಂಬುದಷ್ಟೇ ತನ್ನ ಆಸೆಯೆಂದು ಆತನು ಹೇಳಿದ್ದುಂಟು. ಸ್ವಾಗತದ ಕಮಾನಿನ ಮೇಲೆ ಊರಿನವರು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು, ಕಾಲುದಾರಿ ಸಿದ್ಧವಾಗಿದೆಯೆಂದು.